ಒಂದೇ ಕೈ, ಎರಡು ಸಾಧನೆ: ಬ್ಲೂಸ್ ಗಿಟಾರ್ ಮತ್ತು ರಸವಿದ್ಯೆಯ ಬದುಕಿನಲ್ಲಿ ಆರೋಗ್ಯ

ಮಾನವಶರೀರದ ಅಂಗಗಳಲ್ಲಿ ಕೈಗೆ ವಿಶಿಷ್ಟವಾದ ಸ್ಥಾನವಿದೆ. ಇಷ್ಟಲಿಂಗವನ್ನು ಇರಿಸಿಕೊಂಡು ಪೂಜಿಸುವ ಅಂಗೈಯನ್ನು ಶರಣರು ಪೂಜಾಪೀಠವೆಂದೇ ಭಾವಿಸಿದರು. ಅದೇ ಕೈಯನ್ನು ಕಾಯಕದ ಸಾಧನವೆಂದೂ ಗೌರವಿಸಿದರು. ಆದುದರಿಂದ ಕೈಯ ಆರೋಗ್ಯವೆಂಬುದು ಕೇವಲ ಮೂಳೆ, ನರ, ಸ್ನಾಯುಗಳ ವಿಚಾರವಲ್ಲ. ಅದು ಮನುಷ್ಯನು ತನ್ನ ಬದುಕನ್ನು ಅರ್ಥಪೂರ್ಣವಾಗಿ ನಡೆಸುವ ಸಾಮರ್ಥ್ಯದ ವಿಚಾರ. ಈ ಮಾತನ್ನು ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಜೀವನಕ್ರಮದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಮೆರಿಕ, ಯೂರೋಪುಗಳಲ್ಲಿ ಗಾಜಿನ ಭಟ್ಟಿಯ ಮುಂದೆ ಕುಳಿತು ಗಿಡಮೂಲಿಕೆಗಳ ಸಾರವನ್ನು ಇಳಿಸುತ್ತ, ಉಳಿದ ವೇಳೆಯಲ್ಲಿ ಬ್ಲೂಸ್ ಎಂಬ ಸಂಗೀತವನ್ನು ಗಿಟಾರಿನಲ್ಲಿ ನುಡಿಸುತ್ತ ಬದುಕುವ ಹವ್ಯಾಸಿಗಳಿದ್ದಾರೆ. ಒಂದು ನಾದದ ಸಾಧನೆ, ಇನ್ನೊಂದು ಬೆಂಕಿಯ ಸಾಧನೆ. ಎರಡಕ್ಕೂ ಬೇಕಾದುದು ತಾಳ್ಮೆ; ಎರಡನ್ನೂ ಮಾಡುವುದು ಅದೇ ಹತ್ತು ಬೆರಳು. ಒಂದು ಸಾಧನೆಯಲ್ಲಿ ಎಚ್ಚರ ತಪ್ಪಿದರೆ ಇನ್ನೊಂದು ಸಾಧನೆಯೂ ಕೈಬಿಟ್ಟು ಹೋಗುತ್ತದೆ ಎಂಬುದೇ ಈ ಬದುಕಿನ ನಿಜವಾದ ಸಮಸ್ಯೆ.

ನೋವನ್ನು ನಾದವಾಗಿಸುವ ವಿದ್ಯೆ

ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ದಕ್ಷಿಣದ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಬಡತನವಾಗಲಿ, ಅವಮಾನವಾಗಲಿ ಕೊನೆಗೊಳ್ಳಲಿಲ್ಲ. ಆ ನೋವಿನ ಒಡಲಿನಿಂದ ಹುಟ್ಟಿದ ಹಾಡು ಬ್ಲೂಸ್. ಸಾಮಾನ್ಯವಾಗಿ ಹನ್ನೆರಡು ತಾಳಖಂಡಗಳ ಆವರ್ತನದಲ್ಲಿ ಇದು ಸಾಗುತ್ತದೆ. ಹಾಡಿನ ಮೊದಲ ಸಾಲನ್ನು ಎರಡು ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ವಾಡಿಕೆ. ಗಾಂಧಾರ ಮತ್ತು ನಿಷಾದಗಳನ್ನು ಕೊಂಚ ತಗ್ಗಿಸಿ, ತಂತಿಯನ್ನು ಬೆರಳಿನಿಂದ ಎಳೆದು, ಸ್ವರಗಳ ನಡುವಣ ಸೂಕ್ಷ್ಮ ಎಡೆಗಳಲ್ಲಿ ನಾದವನ್ನು ನಿಲ್ಲಿಸುವುದು ಇದರ ಜೀವಾಳ. ನಮ್ಮ ಗಮಕಗಳನ್ನು ಬಲ್ಲ ಕಿವಿಗೆ ಇದು ತೀರ ಅಪರಿಚಿತವೆನಿಸದು. 1903ರ ಸುಮಾರಿಗೆ ಮಿಸಿಸಿಪಿ ರಾಜ್ಯದ ಟಟ್‌ವೈಲರ್ ರೈಲುನಿಲ್ದಾಣದಲ್ಲಿ ಒಬ್ಬ ಬಡ ವಾದಕನು ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಜಾರಿಸಿ ನುಡಿಸುತ್ತಿದ್ದುದನ್ನು ಸಂಗೀತಗಾರ ಡಬ್ಲ್ಯೂ. ಸಿ. ಹ್ಯಾಂಡಿ ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ. ನಮ್ಮ ಗೋಟುವಾದ್ಯದಲ್ಲಿ ತಂತಿಯ ಮೇಲೆ ಗೋಟನ್ನು ಜಾರಿಸುವ ಕ್ರಮವನ್ನು ನೆನಪಿಸುವ ನುಡಿಸಾಣಿಕೆ ಅದು.

ಕೇಳಲು ಸರಳವೆನಿಸುವ ಈ ಸಂಗೀತ ಕೈಗೆ ಸುಲಭವಲ್ಲ. ಉಕ್ಕಿನ ತಂತಿಗಳ ಗಿಟಾರಿನಲ್ಲಿ ಆರೂ ತಂತಿಗಳ ಒಟ್ಟು ಸೆಳೆತ ಸುಮಾರು 70ರಿಂದ 80 ಕಿಲೋಗ್ರಾಂ ಭಾರಕ್ಕೆ ಸಮನಾಗಿರುತ್ತದೆ. ಆ ಬಿಗಿಯನ್ನು ಬೆರಳತುದಿಯಿಂದ ಒತ್ತಿ, ಓರೆಯಾಗಿ ಎಳೆದು, ನಡುಗಿಸಿ ಸ್ವರ ಹೊರಡಿಸಬೇಕು. ಬೆರಳು ನಡುಗುವುದಲ್ಲ, ವಾದಕನು ಬಯಸಿದಾಗ ಬಯಸಿದಷ್ಟು ಮಾತ್ರ ಬೆರಳನ್ನು ನಡುಗಿಸುವುದು ಇಲ್ಲಿಯ ಕಲೆ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು.

ಬೇರ್ಪಡಿಸಿ ಕೂಡಿಸುವ ವಿದ್ಯೆ

ರಸವಿದ್ಯೆಯೆಂದೊಡನೆ ಕಬ್ಬಿಣವನ್ನು ಚಿನ್ನವಾಗಿಸುವ ಹುಚ್ಚಾಟವೆಂಬ ಭಾವನೆ ಮೂಡುವುದು ಸಹಜ. ಆದರೆ ಹದಿನಾರನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಈ ವಿದ್ಯೆಯನ್ನು ಚಿನ್ನದಿಂದ ಔಷಧಿಯ ಕಡೆಗೆ ತಿರುಗಿಸಿದನು. ಪ್ರತಿಯೊಂದು ವಸ್ತುವಿನಲ್ಲಿಯೂ ಗಂಧಕ, ಪಾದರಸ, ಲವಣ ಎಂಬ ಮೂರು ತತ್ತ್ವಗಳಿವೆ ಎಂಬುದು ಅವನ ಮತ. ಇವು ಸಾಂಕೇತಿಕ ಹೆಸರುಗಳು. ಸಸ್ಯದ ವಿಷಯದಲ್ಲಿ ಸುಗಂಧತೈಲವೇ ಗಂಧಕ, ಮದ್ಯಸಾರವೇ ಪಾದರಸ, ಬೂದಿಯಿಂದ ತೆಗೆದ ಕ್ಷಾರವೇ ಲವಣ. ಈ ಮೂರನ್ನು ಬೇರ್ಪಡಿಸಿ, ಶುದ್ಧಿಗೊಳಿಸಿ, ಮತ್ತೆ ಕೂಡಿಸುವ ಕ್ರಮಕ್ಕೆ ಸ್ಪ್ಯಾಜಿರಿಕ್ ಎಂದು ಹೆಸರು. ಬೇರ್ಪಡಿಸು, ಕೂಡಿಸು ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಆ ಶಬ್ದ ಬಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಫ್ರೇಟರ್ ಆಲ್ಬರ್ಟಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಆಲ್ಬರ್ಟ್ ರೀಡೆಲ್, 1960ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಪ್ಯಾರಾಸೆಲ್ಸಸ್ ಸಂಶೋಧನಾ ಸಂಘವನ್ನು ಸ್ಥಾಪಿಸಿ ಈ ಪ್ರಯೋಗಗಳನ್ನು ಸಾಮಾನ್ಯರಿಗೂ ಕಲಿಸಿದನು.

ಈ ಸಾಧಕರ ದಿನಚರಿ ಹೀಗಿರುತ್ತದೆ: ಒಣಗಿದ ಮೂಲಿಕೆಯನ್ನು ಪುಡಿಮಾಡಿ ಮದ್ಯಸಾರದಲ್ಲಿ ವಾರಗಟ್ಟಲೆ ನೆನೆಯಿಡಬೇಕು, ದಿನವೂ ಸೀಸೆಯನ್ನು ಕುಲುಕಬೇಕು, ಸಾರವನ್ನು ಸೋಸಿ, ಉಳಿದ ಚರಟವನ್ನು ಬೆಳ್ಳಗಾಗುವವರೆಗೆ ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಕ್ಷಾರವನ್ನು ತೆಗೆದು ಸಾರಕ್ಕೆ ಕೂಡಿಸಬೇಕು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಗಿಟಾರಿನ ಅಭ್ಯಾಸವೂ ಹಾಗೆಯೇ. ಒಂದೇ ಆವರ್ತನವನ್ನು ದಿನವೂ ಸ್ವಲ್ಪಸ್ವಲ್ಪ ತಿದ್ದಿದರೆ ಮಾತ್ರ ಅದು ಒಲಿಯುತ್ತದೆ. ದಿನವೂ ಕೊಂಚ, ಆದರೆ ತಪ್ಪದೆ ಎಂಬ ಈ ನಿಯಮದಲ್ಲಿ ಎರಡು ವಿದ್ಯೆಗಳೂ ಒಂದಾಗುತ್ತವೆ.

ಶುಂಠಿಯ ಸಾರ ನಡಿಗೆಯನ್ನು ಕಸಿದ ಕಥೆ

ಮೂಲಿಕೆಯ ಸಾರವೂ ಬ್ಲೂಸ್ ಸಂಗೀತವೂ ಇತಿಹಾಸದಲ್ಲಿ ಒಮ್ಮೆ ದಾರುಣವಾಗಿ ಸಂಧಿಸಿವೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ಆಗ ಜಮೈಕಾ ಶುಂಠಿಯ ಸಾರವೆಂಬ ಹೊಟ್ಟೆನೋವಿನ ಔಷಧಿಯನ್ನು ಬಡವರು ಮದ್ಯಕ್ಕೆ ಬದಲಾಗಿ ಕುಡಿಯತೊಡಗಿದರು. ಅದರ ಬಹುಭಾಗ ಮದ್ಯಸಾರವೇ ಆಗಿತ್ತು. ಜನರ ಬಾಯಲ್ಲಿ ಅದರ ಹೆಸರು ಜೇಕ್. ಅದನ್ನು ಕುಡಿಯಲಾಗದಷ್ಟು ಖಾರವಾಗಿಸುವ ಉದ್ದೇಶದಿಂದ ಶುಂಠಿಯ ಅಂಶ ಇಂತಿಷ್ಟು ಇರಲೇಬೇಕೆಂದು ಸರಕಾರ ನಿಯಮ ಮಾಡಿತು. ಮದ್ಯಸಾರವನ್ನು ಆವಿಯಾಗಿಸಿ, ಉಳಿದ ಘನಾಂಶವನ್ನು ತೂಗಿ ಅಧಿಕಾರಿಗಳು ಪರೀಕ್ಷಿಸುತ್ತಿದ್ದರು. ಈ ಪರೀಕ್ಷೆಯನ್ನು ವಂಚಿಸಲು ಬಾಸ್ಟನ್ ನಗರದ ತಯಾರಕರು ಶುಂಠಿಯನ್ನು ತಗ್ಗಿಸಿ, ಮೆರುಗೆಣ್ಣೆಗಳಲ್ಲಿ ಬಳಸುತ್ತಿದ್ದ ಟ್ರೈ-ಆರ್ಥೋ-ಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕವನ್ನು ಬೆರೆಸಿದರು. ಅದಕ್ಕೆ ವಾಸನೆಯಿರಲಿಲ್ಲ, ರುಚಿಯಿರಲಿಲ್ಲ.

1930ರ ಆರಂಭದಲ್ಲಿ ದಕ್ಷಿಣದ ಊರೂರುಗಳಲ್ಲಿ ಜನರ ಕಾಲುಗಳು ಸೋಲತೊಡಗಿದವು. ಕುಡಿದ ದಿನ ಏನೂ ಆಗುತ್ತಿರಲಿಲ್ಲ. ಒಂದೆರಡು ವಾರಗಳ ತರುವಾಯ ಮೀನಖಂಡದಲ್ಲಿ ನೋವು, ಪಾದಗಳಲ್ಲಿ ಜೋಮು, ಅನಂತರ ಪಾದವನ್ನು ಮೇಲೆತ್ತಲಾಗದ ಸ್ಥಿತಿ. ಮಂಡಿಯನ್ನು ಎತ್ತೆತ್ತಿ ಇಡುವ, ಮೊದಲು ಬೆರಳ ತುದಿ, ಆಮೇಲೆ ಹಿಮ್ಮಡಿ ನೆಲಕ್ಕೆ ತಾಗುವ ಆ ನಡಿಗೆಗೆ ಜೇಕ್ ನಡಿಗೆಯೆಂದೇ ಹೆಸರಾಯಿತು. ಉದ್ದವಾದ ನರತಂತುಗಳು ಮೊದಲು ನಾಶವಾಗುವುದರಿಂದ ಮೊದಲ ಪೆಟ್ಟು ಪಾದಗಳಿಗೆ. ಅನೇಕರಲ್ಲಿ ಕೈಗಳೂ ಸೋತವು. ಹತ್ತಾರು ಸಾವಿರ ಜನ ಇದಕ್ಕೆ ಬಲಿಯಾದರು, ಹಲವರು ಜೀವನವಿಡೀ ಚೇತರಿಸಿಕೊಳ್ಳಲಿಲ್ಲ. ಮಿಸಿಸಿಪಿಯ ಗಿಟಾರ್ ವಾದಕರಾದ ಟಾಮಿ ಜಾನ್ಸನ್, ಇಷ್ಮನ್ ಬ್ರೇಸಿ ಮೊದಲಾದವರು ಜೇಕ್ ಕುರಿತು ಹಾಡುಗಳನ್ನೇ ಮುದ್ರಿಸಿದರು. ಒಲೆಯ ಇಂಧನವಾಗಿ ಡಬ್ಬಿಯಲ್ಲಿ ಮಾರುತ್ತಿದ್ದ ವಿಷಮಿಶ್ರಿತ ಮದ್ಯಸಾರವನ್ನು ಕುಡಿಯುವ ದುರಭ್ಯಾಸದ ಮೇಲೆ ಇದೇ ಜಾನ್ಸನ್ 1928ರಲ್ಲಿ ಹಾಡಿದ್ದನು.

ಈ ಪ್ರಕರಣದ ಪಾಠವೇನು? ಮೂಲಿಕೆಯ ಹೆಸರಿದ್ದ ಮಾತ್ರಕ್ಕೆ ಸೀಸೆಯೊಳಗಿನದು ಅಮೃತವಾಗದು. ಬಣ್ಣ, ವಾಸನೆ, ರುಚಿಗಳು ವಿಷವನ್ನು ತೋರಿಸಿಕೊಡಲೇಬೇಕೆಂದಿಲ್ಲ. ವಿಷ ತಟ್ಟಿದ ದಿನಕ್ಕೂ ಅದು ಪ್ರಕಟವಾಗುವ ದಿನಕ್ಕೂ ಅಂತರವಿರಬಹುದು. ಇಂದು ಚೆನ್ನಾಗಿದ್ದೇನೆಂಬ ಭರವಸೆ ಸಾಕ್ಷ್ಯವಲ್ಲ.

ಲೋಹ ಮತ್ತು ಬೆರಳು

ಸಸ್ಯಗಳಲ್ಲಿ ಪಳಗಿದ ರಸವಾದಿಗೆ ಲೋಹಗಳ ಆಸೆ ಹುಟ್ಟುವುದುಂಟು. ಅಲ್ಲಿಯೇ ನಿಜವಾದ ಅಪಾಯ. ಪಾದರಸವು ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಯೂ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದ ಆವಿಯ ಸುಮಾರು ನೂರಕ್ಕೆ ಎಂಬತ್ತು ಭಾಗ ಶ್ವಾಸಕೋಶದ ಮೂಲಕ ದೇಹವನ್ನು ಸೇರುತ್ತದೆ. ವಸಡಿನ ಊತ, ಸಿಡುಕು, ಮರೆವು, ಎಲ್ಲಕ್ಕಿಂತ ಮುಖ್ಯವಾಗಿ ಬೆರಳುಗಳ ನಡುಕ ಇದರ ಲಕ್ಷಣಗಳು. ವಾದಕನು ಬಯಸಿ ಹೊರಡಿಸುವ ಕಂಪನದ ಸ್ಥಾನವನ್ನು ಅವನು ಬಯಸದ ನಡುಕ ಆಕ್ರಮಿಸುತ್ತದೆ. ಸೀಸದ ವಿಷವಾದರೋ ಮುಂಗೈಯ ನರವನ್ನು ಹಿಡಿದು ಮಣಿಕಟ್ಟು ಜೋತು ಬೀಳುವಂತೆ ಮಾಡಬಲ್ಲದು. ಆ ಕೈ ಗಿಟಾರಿನ ಕೊರಳನ್ನು ಹಿಡಿಯಲಾರದು.

ಮಹಾವಿಜ್ಞಾನಿ ನ್ಯೂಟನ್ ರಸವಿದ್ಯೆಯ ಮೇಲೆ ಸುಮಾರು ಹತ್ತು ಲಕ್ಷ ಪದಗಳಷ್ಟು ಬರೆದಿಟ್ಟಿದ್ದನು. ಅವನ ತಲೆಗೂದಲನ್ನು ಪರೀಕ್ಷಿಸಿದ ಸಂಶೋಧಕರು ಅದರಲ್ಲಿ ಪಾದರಸ ಮತ್ತು ಸೀಸದ ಪ್ರಮಾಣ ಹೆಚ್ಚಾಗಿರುವುದನ್ನು 1979ರಲ್ಲಿ ಪ್ರಕಟಿಸಿದರು. 1693ರ ಅವನ ಮನಃಕ್ಷೋಭೆಗೆ ಇದೇ ಕಾರಣವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲವಾದರೂ, ಕುಲುಮೆಯ ಹೊಗೆ ಪ್ರತಿಭೆಗೆ ವಿನಾಯಿತಿ ಕೊಡುವುದಿಲ್ಲವೆಂಬುದಂತೂ ಸ್ಪಷ್ಟ.

ನಮ್ಮ ದೇಶದ ರಸಶಾಸ್ತ್ರವೂ ಪಾದರಸವನ್ನು ಶೋಧಿಸದೆ ಬಳಸಬಾರದೆಂದು ಹಲವು ಸಂಸ್ಕಾರಗಳನ್ನು ವಿಧಿಸಿದೆ. ಆದರೂ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಪರೀಕ್ಷೆಗೊಳಪಡದ ರಸೌಷಧಿಗಳನ್ನು ಸ್ವಂತ ಧೈರ್ಯದ ಮೇಲೆ ಸೇವಿಸುವ ನಮ್ಮವರಿಗೂ ಇದು ಎಚ್ಚರಿಕೆಯ ಮಾತೇ.

ಸಮತೋಲನದ ಮಾರ್ಗ

ಹಾಗಾದರೆ ಈ ಎರಡು ಸಾಧನೆಗಳನ್ನು ಒಂದೇ ಬಾಳಿನಲ್ಲಿ ನಡೆಸಲಾಗದೇ? ನಡೆಸಬಹುದು, ಆದರೆ ಕೆಲವು ನಿಯಮಗಳನ್ನು ವ್ರತದಂತೆ ಪಾಲಿಸಬೇಕು.

ಮೊದಲನೆಯದಾಗಿ, ಭಟ್ಟಿ ಕಾಯುತ್ತಿರುವಾಗ ವಾದ್ಯವನ್ನು ಮುಟ್ಟಬಾರದು. ಸಂಗೀತದಲ್ಲಿ ಮುಳುಗಿದ ಕಿವಿಗೆ ಕುದಿಯುವ ಸದ್ದಿನ ಬದಲಾವಣೆ ಕೇಳಿಸದು. ಮದ್ಯಸಾರದ ಆವಿ ಗಾಳಿಗಿಂತ ಭಾರವಾದುದರಿಂದ ಕೆಳಗೆ ಹರಿದು ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಬಿ. ಬಿ. ಕಿಂಗ್ ಎಂಬ ಪ್ರಖ್ಯಾತ ಬ್ಲೂಸ್ ವಾದಕನು 1949ರ ಚಳಿಗಾಲದಲ್ಲಿ ಆರ್ಕನ್ಸಾದ ಟ್ವಿಸ್ಟ್ ಎಂಬ ಊರಿನಲ್ಲಿ ನುಡಿಸುತ್ತಿದ್ದಾಗ, ಇಬ್ಬರ ಜಗಳದಲ್ಲಿ ಸೀಮೆಎಣ್ಣೆ ಉರಿಯುತ್ತಿದ್ದ ಪೀಪಾಯಿ ಉರುಳಿ ಕಟ್ಟಡಕ್ಕೆ ಬೆಂಕಿ ಹತ್ತಿತು. ಹೊರಗೆ ಓಡಿಬಂದ ಅವನು ಗಿಟಾರಿಗಾಗಿ ಮತ್ತೆ ಒಳಗೆ ನುಗ್ಗಿ ಪ್ರಾಣವನ್ನೇ ಪಣಕ್ಕಿಟ್ಟನು. ಆ ಜಗಳಕ್ಕೆ ಕಾರಣಳಾದ ಲೂಸಿಲ್ ಎಂಬ ಹೆಂಗಸಿನ ಹೆಸರನ್ನು ತನ್ನ ಗಿಟಾರಿಗೆ ಇಟ್ಟದ್ದು ಇನ್ನೆಂದೂ ಹಾಗೆ ಮಾಡಬಾರದೆಂಬ ನೆನಪಿಗಾಗಿ. ಬೆಂಕಿಯ ಬಳಿ ಮೋಹಕ್ಕೆ ಸ್ಥಾನವಿಲ್ಲ.

ಎರಡನೆಯದಾಗಿ, ಪ್ರಯೋಗದ ಪಾತ್ರೆ ಅಡುಗೆಮನೆಗೆ ಬರಬಾರದು. ಅಡುಗೆಯ ಪಾತ್ರೆ ಪ್ರಯೋಗಕ್ಕೆ ಹೋಗಬಾರದು. ಪ್ರತಿ ಸೀಸೆಯ ಮೇಲೂ ಹೆಸರು ಮತ್ತು ದಿನಾಂಕವಿರಬೇಕು. ಮಕ್ಕಳ ಕೈಗೆ ಎಟುಕಬಾರದು. ಬೂದಿಯ ಕ್ಷಾರ ಕಣ್ಣಿಗೆ ಹಾನಿಕರ. ಕನ್ನಡಕ, ಕೈಚೀಲಗಳನ್ನು ಮರೆಯಬಾರದು. ವಿದ್ಯುತ್ ಗಿಟಾರಿನ ತಂತಿಜೋಡಣೆಗೆ ಸೀಸವಿರುವ ಬೆಸುಗೆಯನ್ನು ಬಳಸಿದರೂ ಕೈ ತೊಳೆಯದೆ ಆಹಾರವನ್ನು ಮುಟ್ಟಬಾರದು.

ಮೂರನೆಯದಾಗಿ, ಲೋಹಗಳ ಕುಲುಮೆ ಮನೆಗೆ ಬೇಡವೇ ಬೇಡ. ಸ್ವತಃ ಮದ್ಯಸಾರವನ್ನು ಭಟ್ಟಿಯಿಳಿಸುವುದು ಪರವಾನಗಿಯಿಲ್ಲದೆ ನಮ್ಮ ದೇಶದಲ್ಲಿ ಅಪರಾಧ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಸೇರಿದರೆ ಅದು ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ. ತಯಾರಿಸಿದ ಸಾರವನ್ನು ಔಷಧಿಯೆಂದು ತಾನೂ ಸೇವಿಸಬಾರದು, ಪರರಿಗೂ ಕೊಡಬಾರದು.

ನಾಲ್ಕನೆಯದಾಗಿ, ವಾದನಕ್ಕೂ ಮಿತಿಯಿರಲಿ. ಬೆರಳುಗಳನ್ನು ಮೆಲ್ಲನೆ ಚಲಿಸಿ ಬೆಚ್ಚಗಾಗಿಸಿಕೊಂಡು ಆರಂಭಿಸಬೇಕು. ಅರ್ಧಗಂಟೆಗೊಮ್ಮೆ ವಾದ್ಯವನ್ನು ಕೆಳಗಿಡಬೇಕು. ನೋವನ್ನು ಸಹಿಸಿ ನುಡಿಸುವುದು ಸಾಧನೆಯಲ್ಲ. ಜೋಮು, ನಡುಕ, ಹಿಡಿತದ ದೌರ್ಬಲ್ಯ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ತಾನು ಯಾವ ಯಾವ ವಸ್ತುಗಳೊಡನೆ ಕೆಲಸ ಮಾಡುತ್ತೇನೆಂಬುದನ್ನು ಮುಚ್ಚಿಡದೆ ಹೇಳಬೇಕು. ಕಿವಿಯನ್ನೂ ಕಾಯಬೇಕು: 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದಾದರೆ, 100 ಡೆಸಿಬೆಲ್ ಸದ್ದಿಗೆ ಮಿತಿ ಕೇವಲ 15 ನಿಮಿಷ.

ಪರುಷ ಯಾವುದು?

ಸಿದ್ಧರ ವಜ್ರಕಾಯದ ಹಂಬಲವನ್ನು ನಮ್ಮ ಪರಂಪರೆ ಬಲ್ಲದು. ಕತ್ತಿಗೂ ಜಗ್ಗದ ದೇಹವನ್ನು ಸಾಧಿಸಿದ ಗೋರಕ್ಷನು ಅಲ್ಲಮಪ್ರಭುವಿನ ಮುಂದೆ ಬಾಗಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ದೇಹವನ್ನು ಗಟ್ಟಿಗೊಳಿಸುವುದೇ ಸಿದ್ಧಿಯಲ್ಲ, ದೇಹದ ಅಹಂಕಾರವನ್ನು ಕರಗಿಸುವುದೇ ಸಿದ್ಧಿ ಎಂಬುದು ಅದರ ತಿರುಳು. ಹಾಗೆಂದು ಶರಣರು ಕಾಯವನ್ನು ತಿರಸ್ಕರಿಸಲಿಲ್ಲ. ಅದನ್ನು ಪ್ರಸಾದವೆಂದು ಕಾಪಾಡಿಕೊಂಡರು. ಪರುಷದ ರೂಪಕವನ್ನು ಅವರು ಬಳಸಿದ್ದು ಚಿನ್ನದ ಆಸೆಯಿಂದಲ್ಲ, ಮನುಷ್ಯನೇ ಮಾರ್ಪಡಬಲ್ಲನೆಂಬ ನಂಬಿಕೆಯಿಂದ.

ಬೆಂಕಿಯ ಮುಂದೆ ಎಚ್ಚರ, ತಂತಿಯ ಮೇಲೆ ಮಿತಿ, ಸೀಸೆಯ ವಿಷಯದಲ್ಲಿ ಪ್ರಾಮಾಣಿಕತೆ: ಇವನ್ನು ರೂಢಿಸಿಕೊಂಡವನಿಗೆ ಎರಡು ವಿದ್ಯೆಗಳೂ ಒಲಿಯುತ್ತವೆ, ಕೈಯೂ ಉಳಿಯುತ್ತದೆ. ಗಿಟಾರನ್ನಾಗಲಿ ಭಟ್ಟಿಯನ್ನಾಗಲಿ ಎಂದೂ ಕಾಣದ ನಮ್ಮ ನೇಕಾರ, ಕಮ್ಮಾರ, ಕುಂಬಾರ, ಅಕ್ಕಸಾಲಿಗ ಬಂಧುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದಿನದ ಕೆಲಸ ಮುಗಿದ ಮೇಲೆ ಕೈ ತೊಳೆದು, ಬೆರಳುಗಳನ್ನು ಒಮ್ಮೆ ಚಾಚಿ ನೋಡಿಕೊಳ್ಳಿರಿ. ಅವು ನಡುಗದೆ ನಿಂತರೆ ಸಂತೋಷ; ನಡುಗಿದರೆ ಅದನ್ನು ಅಲಕ್ಷಿಸದಿರಿ. ನಾಳೆಯ ಕಾಯಕ ಆ ಬೆರಳುಗಳಲ್ಲಿದೆ.