ದ್ವಾರಕೆಯ ಬಿಸಿಲೂ ಗಾಳಿತಂಪಿನ ಇಂಜಿನೂ

ನಮ್ಮವರ ಸಭೆ ಸಮಾರಂಭಗಳಲ್ಲಿ ಊಟದ ಪಂಕ್ತಿ ಏಳುವ ಹೊತ್ತಿಗೆ ಗಂಡಸರ ಮಾತು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಬಂದು ನಿಲ್ಲುತ್ತದೆ: ಒಂದು, ಊರಿನಲ್ಲಿ ಬಿಟ್ಟುಬಂದ ನಿವೇಶನ, ಇನ್ನೊಂದು, ಊರಿನಿಂದ ತಂದ ಮೋಟಾರು ಸೈಕಲ್ಲು. ನಿವೇಶನದ ವಿಷಯ ವಕೀಲರಿಗೆ ಸೇರಿದ್ದು. ಮೋಟಾರು ಸೈಕಲ್ಲಿನ ವಿಷಯವಾಗಿ, ಅದರಲ್ಲಿಯೂ ಹತ್ತು ಹನ್ನೆರಡು ವರ್ಷ ದುಡಿದ ಗಾಡಿಯು ದ್ವಾರಕೆಯ ವಾಹನಸಂದಣಿಯಲ್ಲಿ ಕಾದು ನಿಂತುಬಿಡುವ ವಿಷಯವಾಗಿ, ಪೆಟ್ಟು ತಿಂದು ಕಲಿತ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು ಹಿರಿಯರು ಮರೆತಿರಲಾರರು. ಝೆಕೊಸ್ಲೊವಾಕಿಯದ ಜಾವಾ ಕಂಪೆನಿಯ ಪರವಾನಗಿ ಪಡೆದು 1960ರ ಸುಮಾರಿಗೆ ಆರಂಭವಾದ ಆ ಕಾರ್ಖಾನೆ, 1973ರಿಂದ ತನ್ನ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಗೇರಿನ ಕಡ್ಡಿಯನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುವ ಆ ಗಾಡಿಯ ಮೇಲೆ ಅಪ್ಪನ ಮುಂದೆ ಟ್ಯಾಂಕಿನ ಮೇಲೆ ಕುಳಿತು ಚಾಮುಂಡಿ ಬೆಟ್ಟಕ್ಕೆ ಹೋದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಬೆಟ್ಟದ ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ, "ಇಂಜಿನ್ ಸ್ವಲ್ಪ ಆರಲಿ" ಎಂದು ಅಪ್ಪ ಮರದ ನೆರಳಿಗೆ ಹೋಗುತ್ತಿದ್ದುದೂ ಅವರಿಗೆ ನೆನಪಿರಬಹುದು. ಅದು ಆಯಾಸದ ನೆಪವಾಗಿರಲಿಲ್ಲ. ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನು; ಚಕ್ರದಂಡ ಸುತ್ತಿದ ಪ್ರತಿಯೊಂದು ಸುತ್ತಿಗೂ ಒಮ್ಮೆ ಉರಿಯುತ್ತದೆ. ಒಳಗಿನ ಪಿಸ್ಟನ್ ಅಲ್ಯುಮಿನಿಯಮ್ಮಿನದು, ಸುತ್ತಲಿನ ಸಿಲಿಂಡರು ಎರಕದ ಕಬ್ಬಿಣದ್ದು. ಕಾದಾಗ ಅಲ್ಯುಮಿನಿಯಮ್ಮು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಮಿತಿ ಮೀರಿದರೆ ನಡುವಣ ಕೂದಲೆಳೆಯ ಸಂದು ಮುಚ್ಚಿಹೋಗಿ ಇಂಜಿನು 'ಸೀಜ್' ಆಗುತ್ತದೆ. ಓಡುವಾಗಲೇ ಹೀಗಾದರೆ ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಳ್ಳುತ್ತದೆ. ಆಗ ತಕ್ಷಣ ಕ್ಲಚ್ಚು ಹಿಡಿಯಬೇಕು. ಹಿಡಿಯದವರು ನೆಲ ಕಂಡಿದ್ದಾರೆ.

ಅಪ್ಪನ ಯೆಜ್ಡಿಯನ್ನು ದೆಹಲಿಗೆ ತರುವ ಆಸೆ ನನಗೂ ಇತ್ತು. ಅದು ಆಗತಕ್ಕ ಮಾತಲ್ಲ. 15 ವರ್ಷ ದಾಟಿದ ಪೆಟ್ರೋಲು ಗಾಡಿಗಳು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದ ರಸ್ತೆಗಳಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಈ ವಿಷಯ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಿದೆ. ಆದುದರಿಂದ ಹಳೆಯ ಗಾಡಿ ಇಟ್ಟುಕೊಂಡವರು ಆಗಾಗ ವಿಚಾರಿಸಿಕೊಳ್ಳುತ್ತಿರುವುದು ಒಳ್ಳೆಯದು. ಅದಿರಲಿ. ಇಲ್ಲಿ ನಾನು ಹಳೆಯ ಗಾಡಿ ಎನ್ನುವುದು ಈ ಗಡುವಿನ ಒಳಗಿರುವ, ನನ್ನ 2013ರ ಗಾಡಿಯಂತಹವುಗಳನ್ನು: ಒಂದೇ ಸಿಲಿಂಡರು, ಕಾರ್ಬೊರೇಟರು, ತಂಪಿಗೆ ನೀರಿಲ್ಲ, ಗಾಳಿಯೇ ಗತಿ.

ಇಂಜಿನಿಗೆ ಹಾಕಿದ ಹದಿನಾರಾಣೆ ಪೆಟ್ರೋಲಿನಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ದಕ್ಕುವುದು ನಾಲ್ಕೈದಾಣೆ ಮಾತ್ರ. ಉಳಿದುದೆಲ್ಲ ಶಾಖವಾಗಿ ಸೈಲೆನ್ಸರಿನಿಂದಲೂ ಇಂಜಿನಿನ ಮೈಯಿಂದಲೂ ಹೊರಗೆ ಹೋಗಬೇಕು. ಸಿಲಿಂಡರಿನ ಸುತ್ತ ಇರುವ ತೆಳು ರೆಕ್ಕೆಗಳು ಅಲಂಕಾರಕ್ಕಲ್ಲ. ಗಾಳಿಗೆ ತಾಗುವ ಮೈಯನ್ನು ಹೆಚ್ಚಿಸುವುದಕ್ಕೆ. ಗಾಡಿ ಓಡುತ್ತಿರುವ ತನಕ ಗಾಳಿ ಬೀಸುತ್ತಿರುತ್ತದೆ, ಎಲ್ಲವೂ ಸರಿ. ನಿಂತಿತೋ, ಬೆಂಕಿ ಉರಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಇಲ್ಲ.

ಶ್ರೀಕೃಷ್ಣನ ದ್ವಾರಕೆಗಾದರೆ ಸುತ್ತ ಸಮುದ್ರವಿತ್ತು. ನಮ್ಮ ದ್ವಾರಕೆಗೆ ಇರುವುದು ನಜಫ್‌ಗಢದ ಕಡೆಯ ಧೂಳು ಮತ್ತು 'ಲೂ' ಎಂಬ ಬಿಸಿಗಾಳಿ. 2024ರ ಮೇ ಕೊನೆಯಲ್ಲಿ ಸಫ್ದರ್‌ಜಂಗಿನ ವೀಕ್ಷಣಾಲಯದಲ್ಲಿಯೇ ಉಷ್ಣತೆ 46 ಡಿಗ್ರಿ ದಾಟಿತ್ತು. ಒಂದು ಸಣ್ಣ ಲೆಕ್ಕ ಹಾಕೋಣ. ಸಿಲಿಂಡರಿನ ಹೊರಮೈ 150 ಡಿಗ್ರಿ ಇದೆಯೆನ್ನಿ. ಮೈಸೂರಿನ 30 ಡಿಗ್ರಿಯ ಗಾಳಿಗೂ ಅದಕ್ಕೂ ಅಂತರ 120; ಇಲ್ಲಿನ 45 ಡಿಗ್ರಿಯ ಗಾಳಿಗೆ ಅಂತರ 105. ಶಾಖ ಹರಿಯುವುದು ಈ ಅಂತರವನ್ನು ಅನುಸರಿಸಿ. ಎಂದರೆ ಅದೇ ವೇಗದಲ್ಲಿ ಅದೇ ಗಾಡಿ ಇಲ್ಲಿ ರೂಪಾಯಿಗೆ ಎರಡಾಣೆಯಷ್ಟು ಕಡಮೆ ತಣಿಯುತ್ತದೆ. ಮುಂದಿರುವ ಬಸ್ಸಿನ ಹೊಗೆಯನ್ನೂ ಕಾದ ಡಾಂಬರನ್ನೂ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಿನ ಒಂದು ಸಂಜೆ ನಾವಿಬ್ಬರೂ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘಕ್ಕೆ ಹೊರಟಿದ್ದೆವು. ಪಾಲಂ ದಾಟುವಷ್ಟರಲ್ಲಿ ಗಾಡಿಗಳ ಸಾಲು ಹೆಪ್ಪುಗಟ್ಟಿದಂತೆ ನಿಂತಿತು. ಕಾರ್ಯಕ್ರಮಕ್ಕೆ ತಡವಾಗುತ್ತದೆಂಬ ಅವಸರದಲ್ಲಿ ನಾನು ಇಂಜಿನು ಆರಿಸಲಿಲ್ಲ. ಒಂದನೆಯ ಗೇರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಅಡಿ ಅಡಿಯಾಗಿ ತಳ್ಳುತ್ತ ಇಪ್ಪತ್ತು ನಿಮಿಷ ಕಳೆದೆ. ಹಿಂದಿನಿಂದ ನನ್ನವಳು, "ರೀ, ಇದೇನು ಗೆಜ್ಜೆ ಕಟ್ಟಿದ ಹಾಗೆ ಸದ್ದು?" ಎಂದಳು. ಅವಳಿಗೆ ಕೇಳಿದ್ದು ನನಗೆ ಕೇಳಿರಲಿಲ್ಲ. ಅತಿಯಾಗಿ ಕಾದ ಇಂಜಿನಿನಲ್ಲಿ ಪೆಟ್ರೋಲು ಹದ ತಪ್ಪಿ ಸಿಡಿಯುವಾಗ ಬರುವ ಸದ್ದು ಅದು. ಮುಂದಿನ ನಿಮಿಷಕ್ಕೆ ಗೇರು ಬಿಗಿಯಿತು, ಎಳೆತ ಬಿತ್ತು, ಗಾಡಿ ನಿಂತಿತು. ರಸ್ತೆಯ ಅಂಚಿಗೆ ತಳ್ಳಿದೆವು. ಯಾರೋ ಪುಣ್ಯಾತ್ಮರು ಸಹಾಯ ಮಾಡುವ ಉತ್ಸಾಹದಲ್ಲಿ, ನಾನು ಬೇಡವೆನ್ನುವ ಮೊದಲೇ, ಬಾಟಲಿಯ ತಣ್ಣೀರನ್ನು ರೆಕ್ಕೆಗಳ ಮೇಲೆ ಸುರಿದುಬಿಟ್ಟರು. ಒಗ್ಗರಣೆ ಹಾಕಿದಂತೆ ಚೊಯ್ಯೆಂದಿತು. ಮರುವಾರ ಬಿಚ್ಚಿ ನೋಡಿದಾಗ ಸಿಲಿಂಡರಿನ ತಲೆ ಸೊಟ್ಟಗಾಗಿ ಗ್ಯಾಸ್ಕೆಟ್ಟು ಸೋರುತ್ತಿತ್ತು. ನೀರಿನಿಂದ ಆದುದೆಷ್ಟು, ನನ್ನ ಅವಸರದಿಂದ ಆದುದೆಷ್ಟು ಎಂಬುದನ್ನು ಮನೆಯಲ್ಲಿ ಇಂದಿಗೂ ಚರ್ಚಿಸುತ್ತಿರುತ್ತೇವೆ.

ಕಾದ ಇಂಜಿನಿಗೆ ನೀರು ಹಾಕಕೂಡದು. ಒದ್ದೆ ಬಟ್ಟೆಯನ್ನೂ ಸುತ್ತಕೂಡದು. ಒಂದು ಕಡೆ ಫಕ್ಕನೆ ತಣಿದು ಇನ್ನೊಂದು ಕಡೆ ಬಿಸಿಯಾಗಿಯೇ ಉಳಿದರೆ ಲೋಹ ಸೊಟ್ಟಗಾಗುತ್ತದೆ, ಬಿರುಕು ಬಿಡುವುದೂ ಉಂಟು. ನೆರಳಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ಮನಿರುವುದೇ ಔಷಧಿ. ಆಯಿಲ್ ತುಂಬುವ ಮುಚ್ಚಳವನ್ನು ಬಿಸಿಯಲ್ಲಿ ತೆಗೆದು ಇಣುಕುವ ಚಟವೂ ಬೇಡ. ಆ ಇಪ್ಪತ್ತು ನಿಮಿಷ ಗಾಡಿಗಷ್ಟೇ ಅಲ್ಲ, ಓಡಿಸುವವನಿಗೂ ಬೇಕು. ಕೈಯಲ್ಲಿ ನೀರಿದ್ದರೆ ಅದನ್ನು ಕುಡಿಯತಕ್ಕದ್ದು.

ಸಿಗ್ನಲ್ಲಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಇಂಜಿನು ಆರಿಸುವುದು ಲೇಸು. ಸ್ವಲ್ಪವೇ ಹೊತ್ತಾದರೆ ನ್ಯೂಟ್ರಲ್ಲಿಗೆ ತನ್ನಿ. ಕ್ಲಚ್ಚು ಹಿಡಿದು ಗೇರಿನಲ್ಲಿ ನಿಲ್ಲಬೇಡಿ. ಅರ್ಧ ಹಿಡಿದ ಕ್ಲಚ್ಚು ಉಜ್ಜಿ ಉಜ್ಜಿ ತಾನೇ ಒಂದು ಒಲೆಯಾಗುತ್ತದೆ, ಮತ್ತು ಆ ಶಾಖ ಹೋಗುವುದು ಅದೇ ಇಂಜಿನ್ ಆಯಿಲ್ಲಿಗೆ. ಸುಮ್ಮನೆ ನಿಂತಲ್ಲಿ ಆಕ್ಸಿಲರೇಟರು ತಿರುಚಿ ಗುರ್ ಗುರ್ ಎನ್ನಿಸುವುದು ಹುಡುಗರಿಗೆ ಚಂದ, ಇಂಜಿನಿಗೆ ಅಲ್ಲ. ಬಸ್ಸಿನ ಬೆನ್ನಿಗೆ ಅಂಟಿಕೊಂಡು ನಿಲ್ಲದೆ ಗಾಳಿಯಾಡುವಷ್ಟು ಅಂತರ ಬಿಡಿ. ಲೆಗ್ ಗಾರ್ಡಿಗೆ ತರಕಾರಿ ಚೀಲ ಕಟ್ಟಿಕೊಂಡು ಬರುವವರನ್ನು ವಾರದ ಸಂತೆಯ ಸಂಜೆ ನೋಡುತ್ತೇನೆ; ಸೊಪ್ಪೂ ಬಾಡುತ್ತದೆ, ಇಂಜಿನಿಗೆ ಬರಬೇಕಾದ ಗಾಳಿಯೂ ತಪ್ಪುತ್ತದೆ.

ಇವೆಲ್ಲ ಓಡಿಸುವವನ ಕೈಯಲ್ಲಿರುವುದು. ಆದರೆ ಹತ್ತು ವರ್ಷ ತುಂಬಿದ ಗಾಡಿ ಕಾಯುವುದಕ್ಕೆ ಬೇನೆ ಸಾಮಾನ್ಯವಾಗಿ ಒಳಗೇ ಇರುತ್ತದೆ. ನಾಡಿ ನೋಡುವುದಕ್ಕೆ ಸುಲಭವಾದ ಜಾಗವೆಂದರೆ ಸ್ಪಾರ್ಕ್ ಪ್ಲಗ್ಗು. ಇಂಜಿನು ತಣ್ಣಗಿರುವಾಗ ಬಿಚ್ಚಿ ಅದರ ತುದಿಯ ಬಣ್ಣ ನೋಡಿ. ಹುರಿದ ರವೆಯ ಬಣ್ಣವಿದ್ದರೆ ಆರೋಗ್ಯ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ವಿಭೂತಿಯಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು, ಪೆಟ್ರೋಲು ಕಡಮೆ. ಕಾಯುವ ಇಂಜಿನಿನ ಲಕ್ಷಣ ಇದೇ. ಕಾರ್ಬೊರೇಟರಿಗೂ ಇಂಜಿನಿಗೂ ನಡುವಿನ ರಬ್ಬರು ಬಿರುಕು ಬಿಟ್ಟು ಗಾಳಿ ಕಳ್ಳತನದಿಂದ ಒಳನುಗ್ಗುತ್ತಿರಬಹುದು. ಜೆಟ್ಟಿನ ಸೂಕ್ಷ್ಮ ರಂಧ್ರದಲ್ಲಿ ಕಸ ಕೂತಿರಬಹುದು. ಈಚೆಗೆ ಇನ್ನೊಂದು ಕಾರಣವೂ ಸೇರಿದೆ. 2025ರಲ್ಲಿ ನಮ್ಮ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇಕಡ 20ಕ್ಕೆ ಮುಟ್ಟಿತು. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಹೊರಗಿನ ಗಾಳಿ ಅಷ್ಟು ಬೇಡ. ಹೊಸ ಗಾಡಿಗಳಲ್ಲಿ ಯಂತ್ರವೇ ಇದನ್ನು ಅರಿತು ಹೊಂದಿಸಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರಿಗೆ ಆ ತಿಳಿವಳಿಕೆ ಇಲ್ಲ, ಹಿಂದಿನ ಅಳತೆಯಲ್ಲೇ ಬಡಿಸುತ್ತದೆ. ಪ್ಲಗ್ಗು ಬೆಳ್ಳಗಿದ್ದರೆ ಅನುಭವಿ ಮೆಕ್ಯಾನಿಕನಿಂದ ಅದನ್ನು ಹೊಂದಿಸಿಸಿ. ತಾವೇ ಸ್ಕ್ರೂ ತಿರುಗಿಸಲು ಹೋಗಬೇಡಿ. ಕೆಲವು ಗಾಡಿಗಳಲ್ಲಿ ಅದು ಗಾಳಿಯದು, ಕೆಲವದರಲ್ಲಿ ಪೆಟ್ರೋಲಿನದು, ಒಂದರಲ್ಲಿ ಸರಿಯಾದ ದಿಕ್ಕು ಇನ್ನೊಂದರಲ್ಲಿ ತಪ್ಪು.

ಟ್ಯಾಪೆಟ್ಟಿನ ಸಂದು ಅಳತೆಗಿಂತ ಬಿಗಿಯಾಗಿದ್ದರೆ ಕವಾಟ ಪೂರ್ತಿ ಮುಚ್ಚದೆ ಸುಡುತ್ತದೆ. ಇದನ್ನು ತಣ್ಣಗಿರುವಾಗಲೇ ಅಳೆಯಬೇಕು. ಬ್ರೇಕು ಉಜ್ಜುತ್ತಿದೆಯೇ, ಚೈನು ಅತಿ ಬಿಗಿಯೇ, ಟೈರಿನಲ್ಲಿ ಗಾಳಿ ಕಡಮೆಯೇ ನೋಡಿಕೊಳ್ಳಿ. ಇವು ಮೂರೂ ಇಂಜಿನಿಗೆ ಸುಮ್ಮನೆ ಹೊರೆ.

ಆಯಿಲ್ಲಿನ ವಿಷಯದಲ್ಲಿ ನಮ್ಮವರು ಕಿಲೋಮೀಟರು ಲೆಕ್ಕ ಹಿಡಿದು ಮೋಸಹೋಗುತ್ತಾರೆ. ಊರಿನಲ್ಲಿ ಒಂದು ಗಂಟೆ ಓಡಿದರೆ ನಲವತ್ತು ಕಿಲೋಮೀಟರು. ದ್ವಾರಕಾ ಮೋಡಿನಲ್ಲಿ ಒಂದು ಗಂಟೆ ಸಿಕ್ಕಿಬಿದ್ದರೆ ಹತ್ತೂ ಆಗದು. ಆದರೆ ಆಯಿಲ್ ಬೆಂದದ್ದು ಅಷ್ಟೇ ಗಂಟೆ, ಇನ್ನೂ ಹೆಚ್ಚಿನ ಬಿಸಿಯಲ್ಲಿ. ಆದುದರಿಂದ ಏಪ್ರಿಲಿನಲ್ಲಿ, ಲೆಕ್ಕ ಮುಟ್ಟಲಿ ಬಿಡಲಿ, ನಾನು ಬದಲಾಯಿಸಿಬಿಡುತ್ತೇನೆ. ದರ್ಜೆ ಮಾತ್ರ ಕೈಪಿಡಿಯಲ್ಲಿ ಹೇಳಿದ್ದೇ; ದಪ್ಪ ಆಯಿಲ್ ಹಾಕಿದರೆ ತಂಪು ಹೆಚ್ಚೆಂಬ ಅಂಗಡಿಯವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಅದೇ ದಿನ ತಣ್ಣಗಿರುವ ಇಂಜಿನಿನ ರೆಕ್ಕೆಗಳ ಸಂದಿಯನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲು ಹಚ್ಚಿದ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒರೆಸಿ, ಆರಿದ ಮೇಲೆ ಚಾಲೂ ಮಾಡುತ್ತೇನೆ. ಸೋರಿದ ಆಯಿಲ್ಲಿಗೆ ಇಲ್ಲಿನ ಧೂಳು ಮೆತ್ತಿಕೊಂಡು ಆ ಸಂದಿಗಳಲ್ಲಿ ಆಗುವ ಲೇಪ ಇಂಜಿನಿಗೆ ಕಂಬಳಿ ಹೊದಿಸಿದಂತೆ. ಅರ್ಧ ಗಂಟೆಯ ಈ ಕೆಲಸಕ್ಕೆ ದುಡ್ಡಿನ ಖರ್ಚಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು.

ಪಾಲಂನ ಆ ಸಂಜೆಯ ನಂತರ ಮೇ, ಜೂನ್ ತಿಂಗಳಲ್ಲಿ ದೂರದ ಸಂಜೆ ಪ್ರಯಾಣಕ್ಕೆ ನಾವು ಮೆಟ್ರೋ ಹತ್ತುತ್ತೇವೆ. ಗಾಡಿ ಬೆಳಗಿನ ಏಳು ಗಂಟೆಯೊಳಗಿನ ಕೆಲಸಗಳಿಗೆ. 2028ಕ್ಕೆ ಅದಕ್ಕೆ 15 ತುಂಬುತ್ತದೆ. ಅದಕ್ಕೆ ಮುಂಚೆಯೇ ಇಲ್ಲಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದು, ಟ್ಯಾಂಕು ಬರಿದು ಮಾಡಿ, ರೈಲು ಪಾರ್ಸೆಲ್ಲಿನಲ್ಲಿ ಮೈಸೂರಿನ ತಮ್ಮನ ಮನೆಗೆ ಕಳುಹಿಸುವುದೆಂದು ಗೊತ್ತುಮಾಡಿದ್ದೇನೆ. ಅಲ್ಲಿ ಅಪ್ಪನ ಯೆಜ್ಡಿಯ ಪಕ್ಕದಲ್ಲಿ ಜಾಗ ಖಾಲಿ ಇದೆ.