ಪಿಕಪ್ಪಿನ ಬೆನ್ನ ಮೇಲೊಂದು ಮಾಳ

ಡೊಂಬಿವಲಿಯ ನಮ್ಮ ಕಟ್ಟಡದ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ನೆಲದಿಂದ ತೊಲೆಯ ತನಕ ಸರಿಯಾಗಿ ಏಳು ಅಡಿ ಎರಡು ಇಂಚು. ಹದಿನಾಲ್ಕು ವರ್ಷ ಅಲ್ಲೇ ಗಾಡಿ ನಿಲ್ಲಿಸುತ್ತಿದ್ದರೂ ಆ ಅಳತೆ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಭಾನುವಾರ ಸಂಜೆ, ಪಿಕಪ್ಪಿನ ಮೇಲೆ ಟೆಂಟು ಕೂರಿಸಿಕೊಂಡು ಬಹಳ ಖುಷಿಯಿಂದ ಗೇಟಿನ ಒಳಗೆ ಬಂದಾಗ. ‘ಚರ್’ ಎಂದು ಸದ್ದಾಯಿತು. ವಾಚ್‌ಮನ್ ಓಡಿ ಬಂದ. ಇಳಿದು ನೋಡಿದರೆ ಟೆಂಟಿನ ಹೊಚ್ಚ ಹೊಸ ಹೊದಿಕೆ ಒಂದು ಗೇಣು ಹರಿದಿತ್ತು. ಗಾಡಿಯ ಎತ್ತರ ಆರಡಿ ಒಂದಿಂಚು, ಅಡ್ಡಪಟ್ಟಿ ನಾಲ್ಕಿಂಚು, ಮಡಚಿದ ಟೆಂಟು ಒಂದಡಿ. ಕೂಡಿಸಲು ಲೆಕ್ಕದ ಮೇಷ್ಟ್ರು ಬೇಕಿರಲಿಲ್ಲ.

ಇಷ್ಟೆಲ್ಲ ಯಾಕೆ ಮಾಡಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಇದನ್ನು ನಲವತ್ತೇಳನೇ ವಯಸ್ಸಿನ ಶೋಕಿ ಎಂದು ನಗುವವರೇ ಹೆಚ್ಚು.

ನಮ್ಮೂರು ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಹೊಳೆಯ ದಂಡೆಗೆ. ಅಪ್ಪ ಹೋದ ಮೇಲೆ ಪಾಲಾಯಿತು. ನನ್ನ ಪಾಲಿಗೆ ಬಂದದ್ದು ಹನ್ನೆರಡು ಗುಂಟೆ ಜಾಗ, ಒಂದು ಬಾವಿ, ಒಂಬತ್ತು ತೆಂಗಿನ ಮರ ಮತ್ತು ಮಣ್ಣಿನ ಗೋಡೆಯ ಹಳೇ ಮನೆ. 2019ರ ಆಗಸ್ಟಿನ ನೆರೆಯಲ್ಲಿ ಹೊಳೆ ಮನೆಯೊಳಗೆ ಬಂತು. ನೀರು ಇಳಿದ ಮೂರನೇ ದಿನ ಗೋಡೆ ಕೂತಿತು. ಅಂದಿನಿಂದ ಊರಿಗೆ ಹೋದರೆ ಮಲಗಲು ನಮಗೆ ನಮ್ಮದೆಂಬ ಜಾಗ ಇಲ್ಲ. ಪಕ್ಕದಲ್ಲೇ ಚಿಕ್ಕಪ್ಪನ ಮನೆ ಇದೆ. ಯಾವತ್ತೂ ಬೇಡ ಎಂದವರಲ್ಲ. ಆದರೆ ಚೌತಿಗೆ ಅವರ ಮನೆಗೇ ಹದಿನೈದು ಜನ ಬಂದಿರುತ್ತಾರೆ. ಜಗಲಿಯ ಮೂಲೆಯಲ್ಲಿ ಹೆಂಡತಿ ಚೀಲ ಒತ್ತಿಟ್ಟುಕೊಂಡು ಕೂರುವುದನ್ನು ನೋಡಿದರೆ ನನಗೆ ಒಂದು ಥರ ಆಗುತ್ತಿತ್ತು. ಅಂಕೋಲೆಯಲ್ಲಿ ಲಾಡ್ಜು ಮಾಡಿದರೆ ಚಿಕ್ಕಪ್ಪನಿಗೆ ಬೇಜಾರು. ಮನೆ ಕಟ್ಟೋಣವೆಂದರೆ ಮಗಳ ಶಾಲೆ, ಇಲ್ಲಿನ ಫ್ಲಾಟಿನ ಸಾಲ. ಮುಂಬಯಿಯಲ್ಲಿರುವ ನಮ್ಮ ಎಷ್ಟೋ ಜನರ ಕತೆ ಇದೇ, ನಾನೇನು ಹೊಸದು ಹೇಳುತ್ತಿಲ್ಲ.

ಕಾರಿನ ತಲೆಯ ಮೇಲೆ ಬಿಚ್ಚಿಕೊಳ್ಳುವ ಡೇರೆ ಎಂಬುದು ಇಂದು ನಿನ್ನೆಯದಲ್ಲ. ಇಟಲಿಯ ಆಟೋಹೋಮ್ ಕಂಪನಿ 1958ರಲ್ಲೇ ಇದನ್ನು ಮಾಡಿತ್ತು. ಪೂರ್ವ ಜರ್ಮನಿಯವರು ಟ್ರಾಬಾಂಟ್ ಎಂಬ ಪುಟ್ಟ ಕಾರಿನ ಮೇಲೂ ಇದನ್ನು ಕಟ್ಟಿಕೊಂಡು ರಜೆಗೆ ಹೋಗುತ್ತಿದ್ದರು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಮಾಮೂಲು. ನಾವೂ ಕಡಿಮೆಯವರಲ್ಲ. ಗದ್ದೆಗೆ ಹಂದಿ ಬರುತ್ತದೆಂದು ನಾಲ್ಕು ಕಂಬ ನೆಟ್ಟು, ಮೇಲೆ ಅಡಿಕೆ ದಬ್ಬೆ ಹಾಸಿ, ಸೋಗೆ ಹೊದೆಸಿ, ರಾತ್ರಿ ಕಾಯುವ ಮಾಳ ಕಟ್ಟುತ್ತಿದ್ದೆವಲ್ಲ, ಅದಕ್ಕೆ ಗಾಲಿ ಒಂದಿರಲಿಲ್ಲ ಅಷ್ಟೇ.

ನನ್ನ ಹತ್ತಿರ ಇರುವುದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಸೆಕೆಂಡ್ ಹ್ಯಾಂಡ್. ನಾಲ್ಕು ಬಾಗಿಲಿನ ಕ್ಯಾಬಿನ್, ಹಿಂದೆ ತೆರೆದ ಪೆಟ್ಟಿಗೆ. ಮರಾಠಿಯವರು ಅದಕ್ಕೆ ಹೌದಾ ಎನ್ನುತ್ತಾರೆ. ಹಿಂದಿನ ಮಾಲಿಕ ಹೌದಾಕ್ಕೆ ಫೈಬರಿನ ಮುಚ್ಚಳ, ಅಂದರೆ ಕ್ಯಾನೊಪಿ ಹಾಕಿಸಿದ್ದ. ಟೆಂಟನ್ನು ಅದರ ಮೇಲೆ ಕೂರಿಸಿದರೆ ಹೌದಾದೊಳಗೆ ಒಲೆ, ಪಾತ್ರೆ, ನೀರಿನ ಕ್ಯಾನು, ಊರಿಂದ ಬರುವಾಗ ತೆಂಗಿನಕಾಯಿ, ಕುಚ್ಚಲಕ್ಕಿ ಎಲ್ಲ ಹಿಡಿಯುತ್ತದೆ. ಎಲ್ಲೋ ಹೊರದೇಶದ ಚಿತ್ರದಲ್ಲಿ ನೋಡಿದ್ದೆ. ಪುಣೆಯಲ್ಲಿ ಒಬ್ಬರು ಎರಡು ಸಲ ಮಾತ್ರ ಬಳಸಿದ ಟೆಂಟು ಮಾರುತ್ತಿದ್ದರು. 65 ಸಾವಿರಕ್ಕೆ ತಂದೆ. ಹೊಸ ಹೊದಿಕೆಯೊಂದನ್ನು ಹೊಲಿಸಿದೆ. ಅದೇ ಹರಿದದ್ದು.

ಕೂರಿಸಿಕೊಟ್ಟ ಅಂಗಡಿಯವನು ಒಂದೂವರೆ ತಾಸಿನಲ್ಲಿ ಕೆಲಸ ಮುಗಿಸಿದ. ಕ್ಯಾನೊಪಿಯ ನೆತ್ತಿಗೆ ಎಂಟು ತೂತು, ಎಂಟು ಬೋಲ್ಟು, ಎರಡು ಅಡ್ಡಪಟ್ಟಿ, ಮೇಲೆ ಟೆಂಟು. ‘ಇಷ್ಟು ಭಾರ ತಡೆಯುತ್ತದಾ’ ಎಂದೆ. ‘ಕುಛ್ ನಹೀ ಹೋಗಾ ಸೇಠ್’ ಎಂದ. ಮುಂಬಯಿಯಲ್ಲಿ ಈ ಮಾತು ಕೇಳಿದಾಗ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಆವತ್ತು ಮರೆತೆ.

2024ರ ಜನವರಿಯಲ್ಲಿ ಪರೀಕ್ಷೆಗೆಂದು ಮಾಳಶೇಜ್ ಘಾಟಿನ ಆಚೆ, ಪರಿಚಯದವರ ಹೊಲದಲ್ಲಿ ಒಂದು ರಾತ್ರಿ ಮಲಗಿದೆವು. ಚಳಿ, ನಕ್ಷತ್ರ, ಮಗಳ ಸಂಭ್ರಮ ಎಲ್ಲ ಇತ್ತು. ನಡುರಾತ್ರಿ ಅವಳು ಮಗ್ಗುಲು ಬದಲಿಸಿದಾಗ ಕೆಳಗೆಲ್ಲೋ ‘ಟಕ್’ ಎಂದಿತು. ಚಳಿಗೆ ಕಬ್ಬಿಣ ಸದ್ದು ಮಾಡಿರಬೇಕು ಎಂದುಕೊಂಡು ಮಲಗಿದೆ. ಬೆಳಿಗ್ಗೆ ಕ್ಯಾನೊಪಿಯ ಹಿಂದಿನ ಗಾಜಿನ ಬಾಗಿಲು ಹಾಕಲು ಹೋದರೆ ಕೂರುತ್ತಿಲ್ಲ, ಒಂದು ಬೆರಳಿನಷ್ಟು ಅಡ್ಡ ಬರುತ್ತಿದೆ. ಒಳಗೆ ತೂರಿ ಟಾರ್ಚು ಹಾಕಿದೆ. ಹಿಂದಿನ ಎರಡು ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು, ಒಂದು ಗೇಣು ಉದ್ದ. ನೆತ್ತಿ ತೊಟ್ಟಿಲಿನಂತೆ ಬಗ್ಗಿತ್ತು. ಅದರ ಮೇಲೆ ನನ್ನ ಒಂಬತ್ತು ವರ್ಷದ ಮಗಳು ರಾತ್ರಿಯಿಡೀ ಮಲಗಿದ್ದಳು.

ಆ ದಿನ ವಾಪಸು ಬರುವಾಗ ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಲಿಲ್ಲ. ಮನೆಯಲ್ಲಿ ಒಂದು ವಾರ ಟೆಂಟಿನ ಹೆಸರೆತ್ತಲಿಲ್ಲ. ಹೆಂಡತಿಯೂ ಎತ್ತಲಿಲ್ಲ; ಅದು ಇನ್ನೂ ಕಷ್ಟ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಟೆಂಟು 62 ಕಿಲೊ. ನಾನು 74, ಹೆಂಡತಿ 58, ಮಗಳು 26, ಹಾಸಿಗೆ ಹೊದಿಕೆ 8. ಒಟ್ಟು 228 ಕಿಲೊ. ಬಿಚ್ಚಿದಾಗ ಟೆಂಟಿನ ಅರ್ಧ ಹಲಗೆ ಗಾಡಿಯಿಂದ ಹೊರಗೆ ಚಾಚಿಕೊಂಡು ಏಣಿಯ ಮೇಲೆ ನಿಲ್ಲುವುದರಿಂದ ಸ್ವಲ್ಪ ಭಾರ ಏಣಿಗೆ ಹೋಗುತ್ತದೆ. ಉಳಿದದ್ದೆಲ್ಲ ನೆತ್ತಿಗೆ. ಇದು ನಿಂತಾಗಿನ ಭಾರ. ಓಡುವಾಗಿನದು ಬೇರೆ. ಆಗ ಮೇಲೆ ಟೆಂಟು ಮಾತ್ರ ಇದ್ದರೂ, ಗುಂಡಿಗೆ ಬಿದ್ದೆದ್ದಾಗ ಅದೇ 62 ಕಿಲೊ ಕ್ಷಣಮಾತ್ರ ಎರಡು ಮೂರು ಪಟ್ಟಾಗಿ ಬಡಿಯುತ್ತದೆ. ಬ್ರೇಕು ಹಾಕಿದರೆ ಮುಂದಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ. ಒಳ್ಳೆಯ ಕ್ಯಾನೊಪಿ ಮಾಡುವವರು ನಿಂತಾಗ ಎಷ್ಟು, ಓಡುವಾಗ ಎಷ್ಟು ಎಂದು ಎರಡು ಲೆಕ್ಕ ಬೇರೆ ಬೇರೆ ಬರೆದು ಕೊಡುತ್ತಾರೆ. ನನ್ನದಕ್ಕೆ ಕಾಗದವೇ ಇರಲಿಲ್ಲ. ಮಳೆ ಧೂಳು ಒಳಗೆ ಬಾರದಂತೆ ಮಾಡಿದ ಮುಚ್ಚಳ ಅದು. ಅದರ ಮೇಲೆ ಸಂಸಾರ ಹೂಡಿದ್ದು ನನ್ನ ತಪ್ಪು.

ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಗಾಡಿಯ ಯಾವ ಭಾಗ ಬೇಕಾದರೂ ಸಿಗುತ್ತದೆ, ಯಾವ ಕೆಲಸ ಬೇಕಾದರೂ ಆಗುತ್ತದೆ. ಅಲ್ಲಿನ ಒಂದು ಓಣಿಯಲ್ಲಿ ವೆಲ್ಡಿಂಗ್ ಮಾಡುವ ಒಬ್ಬ ವಯಸ್ಸಾದ ಚಾಚಾ ಇದ್ದಾರೆ ಎಂದು ಗೆಳೆಯ ಕಳಿಸಿದ. ಚಾಚಾ ಗಾಡಿಯ ಸುತ್ತ ಒಂದು ಸುತ್ತು ಬಂದರು. ಬೆರಳ ಗೆಣ್ಣಿನಿಂದ ಕ್ಯಾನೊಪಿಯ ನೆತ್ತಿಯನ್ನು ಕುಟ್ಟಿದರು, ಕಲ್ಲಂಗಡಿ ಹಣ್ಣು ಆರಿಸುವವರ ಹಾಗೆ. ಆಮೇಲೆ ಒಂದೇ ಪ್ರಶ್ನೆ: ‘ಊಪರ್ ಸೋಯೇಗಾ ಕೌನ್?’ ಮಗಳೂ ಇರುತ್ತಾಳೆ ಎಂದೆ. ಚೀಟಿ ಪೆನ್ನು ತರಿಸಿದರು.

ಅವರು ಮಾಡಿದ್ದು ಸರಳ. ಭಾರವನ್ನು ಫೈಬರಿಗೆ ಮುಟ್ಟಿಸಲೇ ಇಲ್ಲ. 40 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಕಬ್ಬಿಣದ ಕೊಳವೆಯಿಂದ ಹೌದಾದೊಳಗೆ ಒಂದು ಮಂಚದ ಚೌಕಟ್ಟು. ಅದರ ಕಾಲುಗಳು ಹೌದಾದ ನೆಲದಲ್ಲಿ, ಸಾಮಾನು ಕಟ್ಟಲೆಂದು ಕಂಪನಿಯೇ ಕೊಟ್ಟ ಕೊಂಡಿಗಳ ಜಾಗದಲ್ಲಿ ಅಗಲ ತಗಡಿನ ಮೇಲೆ ಬೋಲ್ಟಾಗಿ ನಿಲ್ಲುತ್ತವೆ. ಚೌಕಟ್ಟಿನ ತಲೆಯಿಂದ ಆರು ಮೊಳೆಗಂಬಗಳು ಕ್ಯಾನೊಪಿಯ ನೆತ್ತಿ ತೂರಿ ಮೇಲೆ ಬಂದು ಅಡ್ಡಪಟ್ಟಿಯನ್ನು ಹೊರುತ್ತವೆ. ನೆತ್ತಿಗೂ ಪಟ್ಟಿಗೂ ನಡುವೆ ಒಂದು ಬೆರಳು ಸಂದು. ಅಲ್ಲಿಗೆ ಕ್ಯಾನೊಪಿ ಬರೀ ಕೊಡೆ. ಮೂಲೆಗಳಿಗೆ ಓರೆ ಆಧಾರ ಕೊಡದಿದ್ದರೆ ಚೌಕಟ್ಟು ತಿರುವಿನಲ್ಲಿ ಹಳೇ ಬೆಂಚಿನಂತೆ ಓಲಾಡುತ್ತದೆ ಎಂದು ಅದನ್ನೂ ಹಾಕಿದರು. ಒಟ್ಟು ತೂಕ ಸುಮಾರು 36 ಕಿಲೊ.

ಟೆಂಟು ಮುಂದಕ್ಕೆ ಸರಿಸಿ ಅರ್ಧ ಕ್ಯಾಬಿನ್ ಮೇಲೆ, ಅರ್ಧ ಕ್ಯಾನೊಪಿ ಮೇಲೆ ಇಟ್ಟರೆ ಹೇಗೆ ಎಂದು ನಾನು ಕೇಳಿದ್ದೆ. ಚಾಚಾ ನಕ್ಕುಬಿಟ್ಟರು. ಪಿಕಪ್ಪಿನಲ್ಲಿ ಕ್ಯಾಬಿನ್ ಬೇರೆ, ಹೌದಾ ಬೇರೆ. ಎರಡೂ ಕೆಳಗಿನ ಚಾಸಿಯ ಮೇಲೆ ಬೇರೆ ಬೇರೆಯಾಗಿ ಕೂತಿವೆ. ಹಳ್ಳದಿಣ್ಣೆಯಲ್ಲಿ ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ. ಎರಡನ್ನೂ ಒಂದೇ ಪಟ್ಟಿಯಿಂದ ಕಟ್ಟಿದರೆ ಪಟ್ಟಿ ಮುರಿಯಬೇಕು, ಇಲ್ಲ ಬೋಲ್ಟು ಕಿತ್ತು ಬರಬೇಕು.

ಹಳೇ ತೂತುಗಳ ಮತ್ತು ಬಿರುಕಿನ ಕೆಲಸಕ್ಕೆ ವರ್ಸೋವಾಕ್ಕೆ ಹೋದೆ. ಅಲ್ಲಿ ಮೀನಿನ ದೋಣಿಗಳ ಫೈಬರ್ ರಿಪೇರಿ ಮಾಡುವ ಹುಡುಗನೊಬ್ಬ ಸಿಕ್ಕ. ಗಾಡಿ ಅಂಗಡಿಯವರಿಗಿಂತ ದೋಣಿಯವರಿಗೆ ಫೈಬರು ಚೆನ್ನಾಗಿ ಗೊತ್ತು, ಅವರ ಜೀವವೇ ಅದರ ಮೇಲೆ ತೇಲುವುದು. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದ, ಅಲ್ಲಿಗೆ ಬಿರುಕು ಮುಂದೆ ಓಡುವುದು ನಿಲ್ಲುತ್ತದಂತೆ. ಸುತ್ತ ಉಜ್ಜಿ ಒರಟು ಮಾಡಿ ಒಳಗಿನಿಂದ ಗಾಜಿನ ನಾರಿನ ಚಾಪೆ, ರೆಸಿನ್, ಮತ್ತೆ ಚಾಪೆ. ಮೊಳೆಗಂಬ ಬರುವ ಕಡೆ ಟೇಪು ಅಂಟಿಸಿ ಕೊರೆದರೆ ಅಂಚು ಚಿಪ್ಪೇಳುವುದಿಲ್ಲ ಎಂದೂ, ತೂತು ಕಂಬಕ್ಕಿಂತ ಕೊಂಚ ದೊಡ್ಡದಿರಲಿ, ಸಂದಿಗೆ ರಬ್ಬರು ಮತ್ತು ಸಿಲಿಕಾನ್ ತುಂಬು ಎಂದೂ ಹೇಳಿಕೊಟ್ಟ. ಜುಲೈ ಮಳೆ ಕಳೆಯಿತು, ಹನಿ ನೀರು ಒಳಗೆ ಬರಲಿಲ್ಲ.

ಕಾನೂನಿನದೂ ಒಂದು ಮಾತು. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿಯಾಗಿ ಹೇಳಿದೆ. ಹಾಗಾಗಿ ಚಾಸಿಗೆ ವೆಲ್ಡಿಂಗ್ ತಾಗಿಸಲಿಲ್ಲ, ಬಾಡಿ ಕತ್ತರಿಸಲಿಲ್ಲ. ಚೌಕಟ್ಟು, ಟೆಂಟು ಎಲ್ಲ ಸ್ಪ್ಯಾನರಿನಲ್ಲಿ ಬಿಚ್ಚಿ ತೆಗೆಯುವಂಥದ್ದು. ಇನ್ಶೂರೆನ್ಸಿನವರಿಗೆ ಫೋಟೋ ಸಮೇತ ಬರೆದು ತಿಳಿಸಿದೆ. ಅಪಘಾತವಾದ ಮೇಲೆ ತಿಳಿಸುವುದಕ್ಕಿಂತ ಮೊದಲೇ ತಿಳಿಸುವುದು ಒಳ್ಳೆಯದು.

ಉಳಿದದ್ದು ಪಾರ್ಕಿಂಗು. ಟೆಂಟಿದ್ದರೆ ಗಾಡಿ ಒಳಗೆ ಬರುವುದಿಲ್ಲ. ಹೊರಗೆ ರಸ್ತೆಯಲ್ಲಿ ಬಿಟ್ಟರೆ ಟೋಯಿಂಗ್ ಗಾಡಿ. ತೊಲೆಗೆ ಚೈನ್ ಪುಲ್ಲಿ ಕಟ್ಟಿ ಟೆಂಟನ್ನು ಮೇಲೆತ್ತಿ ಇಡುತ್ತೇನೆ ಎಂದು ಸೊಸೈಟಿಯ ಸಭೆಯಲ್ಲಿ ಕೇಳಿದ್ದಕ್ಕೆ ಸೆಕ್ರೆಟರಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೊನೆಗೆ ದಾರಿ ತೋರಿದವರು ಕಲ್ಯಾಣ್-ಶೀಲ್ ರಸ್ತೆಯಲ್ಲಿ ಹೋಟೆಲು ನಡೆಸುವ ಕುಂದಾಪುರ ಕಡೆಯ ಒಬ್ಬ ಶೆಟ್ಟರು. ಅವರ ಹೋಟೆಲಿನ ಹಿಂದೆ ಶೆಡ್ಡು, ಶೆಡ್ಡಿಗೆ ಕಬ್ಬಿಣದ ತೊಲೆ. ‘ಊರಿಗೆ ಹೋಗುವ ಸಾಮಾನಲ್ವಾ ಮಾರಾಯ್ರೆ, ಬಾಡಿಗೆ ಎಂಥದ್ದು’ ಎಂದರು. ಈಗ ಟೆಂಟು ಅಲ್ಲೇ ನೇತಾಡುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೋಗಿ ಬಿಚ್ಚಿ ಗಾಳಿಯಾಡಿಸುತ್ತೇನೆ. ಮುಂಬಯಿಯ ಹವೆಯಲ್ಲಿ ಕ್ಯಾನ್ವಾಸನ್ನು ಒದ್ದೆಯಲ್ಲೇ ಮಡಚಿಟ್ಟರೆ ಕೆಲವೇ ದಿನದಲ್ಲಿ ಬೂಸ್ಟು, ಆ ವಾಸನೆ ಮತ್ತೆ ಹೋಗುವುದಿಲ್ಲ.

ಊರಿಗೆ ಹೊರಡಬೇಕೆನ್ನುವಷ್ಟರಲ್ಲಿ 2024ರ ಜುಲೈ 16 ಬಂತು. ಅಂಕೋಲೆ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಲ್ಲಿಸಿದ್ದ ಲಾರಿ, ಎಲ್ಲ ಗಂಗಾವಳಿಗೆ ಹೋದವು. ಒಂದು ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಆ ದಾರಿಯಲ್ಲಿ ನಾವೆಲ್ಲ ಎಷ್ಟು ಸಲ ಗಾಡಿ ಬದಿಗೆ ಹಾಕಿ ಕಾಲು ಚಾಚಿದ್ದೇವೋ. ಎಲ್ಲಿ ಬೇಕಾದರಲ್ಲಿ ಮಲಗಬಹುದು ಎಂದು ಟೆಂಟು ಮಾರುವವರು ಹೇಳುತ್ತಾರೆ. ನಾನು ಹೇಳುವುದು ಬೇರೆ. ಅಗಲೀಕರಣಕ್ಕೆಂದು ಕಡಿದ ಗುಡ್ಡದ ಬುಡದಲ್ಲಿ ಬೇಡ, ಹೊಳೆ ದಂಡೆಯ ಮರಳಿನಲ್ಲಿ ಬೇಡ, ತೆಂಗಿನ ಮರದ ನೇರ ಕೆಳಗೆ ಬೇಡ, ಹೆದ್ದಾರಿಯ ಅಂಚಿನಲ್ಲಂತೂ ಬೇಡವೇ ಬೇಡ. ಪೆಟ್ರೋಲ್ ಬಂಕಿನ ಹಿತ್ತಲು ಅಥವಾ ಗುರುತಿನವರ ಅಂಗಳ, ಕೇಳಿಕೊಂಡು.

ಡಿಸೆಂಬರಿನಲ್ಲಿ ಹೋದೆವು. ಪನ್ವೇಲಿನಿಂದ ನೂರು ಕಿಲೋಮೀಟರು ದಾಟಿ ಮೊದಲು ನಿಲ್ಲಿಸಿ ಬೋಲ್ಟು ನೋಡಿದೆ. ಎರಡು ಕಾಲು ಸುತ್ತು ಸಡಿಲಾಗಿದ್ದವು. ಹೊಸದಾಗಿ ಕೂರಿಸಿದ ಯಾವುದೇ ಆದರೂ ಮೊದಲ ನೂರು ಕಿಲೋಮೀಟರಿನಲ್ಲಿ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಬಿಗಿ ಮಾಡಲೇಬೇಕು. ಗಾಡಿಯ ನಡತೆಯೂ ಬದಲಾಗಿತ್ತು, ತಲೆ ಮೇಲೆ ಕೊಡ ಹೊತ್ತವರ ಹಾಗೆ. ಕಶೇಡಿಯಲ್ಲಿ, ಚಿಪಳೂಣದ ಪರಶುರಾಮ ಘಾಟಿನಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿದೆ, ಬಯಲಿನಲ್ಲೂ ಎಂಬತ್ತು ದಾಟಲಿಲ್ಲ. ರತ್ನಾಗಿರಿಯ ಆಚೆ ಒಂದು ಬಂಕಿನ ಹಿತ್ತಲಲ್ಲಿ ರಾತ್ರಿ ಕಳೆದು, ಮರುದಿನ ಸಂಜೆಗೆ ನಮ್ಮ ಹನ್ನೆರಡು ಗುಂಟೆ ಮುಟ್ಟಿದೆವು.

ಬಾವಿಯ ಪಕ್ಕ, ಮನೆಯ ಪಂಚಾಂಗ ಇನ್ನೂ ಕಾಣುವ ಕಡೆ, ಸಮನೆಲ ನೋಡಿ ಗಾಡಿ ನಿಲ್ಲಿಸಿದೆ. ಟೆಂಟು ಬಿಚ್ಚುವುದನ್ನು ನೋಡಲು ಕೇರಿಯ ಮಕ್ಕಳೆಲ್ಲ ಸೇರಿದರು. ಚಿಕ್ಕಪ್ಪ ಬೇಲಿ ದಾಟಿ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು. ‘ಮಾಳ ಕಟ್ಕಂಡ್ ಬಂದ್ಯೇನೋ ತಮ್ಮಾ’ ಎಂದರು. ಬೇಜಾರಾಯಿತೋ ಏನೋ ಎಂದು ನನಗೆ ಅಳುಕು. ಊಟ ನಿಮ್ಮಲ್ಲೇ, ಮಲಗುವುದು ಮಾತ್ರ ಇಲ್ಲಿ ಎಂದೆ. ಅವರು ಏಣಿಯನ್ನು ಒಮ್ಮೆ ಅಲುಗಾಡಿಸಿ ನೋಡಿ, ಎಪ್ಪತ್ತೊಂದರ ವಯಸ್ಸಿನಲ್ಲಿ ನಾವು ಬೇಡ ಬೇಡ ಎನ್ನುತ್ತಿದ್ದಂತೆ ಹತ್ತಿ ಒಳಗೆ ಕೂತರು. ಅಲ್ಲಿಂದ ಹೊಳೆ ಕಾಣುತ್ತದೆ ಎಂದರು. ಕೆಳಗಿನಿಂದ ನಮಗೆ ಕಾಣುತ್ತಿರಲಿಲ್ಲ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮೇಲಿನಿಂದಲೇ ಕೈ ಮಾಡಿ ಮಗಳಿಗೆ ತೋರಿಸಿದರು.

ಐದು ರಾತ್ರಿ ಅಲ್ಲೇ ಮಲಗಿದೆವು. ಬೆಳಿಗ್ಗೆ ಕ್ಯಾನೊಪಿಯ ಗಾಜಿನ ಬಾಗಿಲು ಹಾಕಿ ತೆಗೆದು ನೋಡುವುದು ನನಗೆ ಅಭ್ಯಾಸವೇ ಆಯಿತು. ಪ್ರತಿ ದಿನವೂ ಸರಿಯಾಗಿ ಕೂತಿತು. ಹೊರಡುವ ಹಿಂದಿನ ದಿನ ಹೆಂಡತಿ ಎಲ್ಲ ಖರ್ಚು ಕೂಡಿಸಿ, ಟೆಂಟು, ಚೌಕಟ್ಟು, ದೋಣಿ ಹುಡುಗನ ಕೂಲಿ ಎಲ್ಲ ಸೇರಿ ತೊಂಬತ್ತೆಂಟು ಸಾವಿರ ಎಂದಳು. ಈ ದುಡ್ಡಿನಲ್ಲಿ ಇಲ್ಲಿ ಒಂದು ಬಚ್ಚಲುಮನೆ, ಪಾಯಖಾನೆಯಾದರೂ ಆಗುತ್ತಿತ್ತು, ಐದು ದಿನವೂ ಅದಕ್ಕೆ ಚಿಕ್ಕಮ್ಮನ ಮನೆಗೇ ಓಡಬೇಕಾಯಿತಲ್ಲ ಎಂದಳು. ಅವಳು ಹೇಳಿದ್ದು ಸರಿ. ಚಿಕ್ಕಪ್ಪ ಗುರುತಿನ ಮೇಸ್ತ್ರಿಯನ್ನು ಅದೇ ಸಂಜೆ ಕರೆಸಿದರು. ಬರುವ ಮಳೆಗಾಲದೊಳಗೆ ಅಷ್ಟನ್ನು ಮಾಡಿಸುವುದು ಎಂದಾಗಿದೆ, ಬಾವಿಯಿಂದ ಆಚೆ, ನೆರೆ ಬಂದ ಗುರುತಿಗಿಂತ ಮೂರಡಿ ಎತ್ತರದಲ್ಲಿ.