ಒಲೆ ಹೋತು, ಹೊಗೆ ಹೋತು. ಉಳಿದದ್ದು ಬಿಸಿಲಿನ ಖಂಡ

ಸೊಲ್ಲಾಪುರ: ಬ್ಯಾಸಿಗಿ ಬಿಸಿಲು ಏರಿತೆಂದರೆ ಅಕ್ಕಲಕೋಟ ರಸ್ತೆ ಎಂಐಡಿಸಿ ಸುತ್ತಲಿನ ವಸ್ತಿಗಳ ಮಾಳಿಗೆ ಮೇಲೆ ಹಪ್ಪಳ, ಸಂಡಿಗೆ, ಶ್ಯಾವಿಗೆ ಒಣಗುತ್ತವೆ. ಕೆಲವು ಮನೆಗಳಲ್ಲಿ ಅವುಗಳ ಪಕ್ಕದಲ್ಲೇ ಒಂದು ಹಗ್ಗ, ಅದರ ಮೇಲೆ ಅರಿಷಿಣ ಬಣ್ಣದ ಉದ್ದುದ್ದ ಪಟ್ಟಿಗಳು. ಅದು ಒಣ ಖಂಡ. ಮರಾಠಿಯವರು ಚಾನ್ಯಾ ಅಂತಾರೆ, ಉರ್ದು ಮಾತಾಡುವವರು ಸೂಖಾ ಗೋಷ್ತ್ ಅಂತಾರೆ. ಜಾತ್ರೆ, ಕಂದೂರಿ, ಬಕ್ರೀದ್ ಮುಗಿದ ಮೇಲೆ ಉಳಿದ ಮಾಂಸ ಕೆಡದಂತೆ ಇಡುವ ಉಪಾಯ ಇದು. ಫ್ರಿಜ್ ಬಂದ ಮೇಲೂ ರುಚಿಗಾಗಿ ಮಾಡುವವರಿದ್ದಾರೆ.

ಮಾಡುವ ರೀತಿ ಸರಳ, ಆದರೆ ಅವಸರ ನಡೆಯುವುದಿಲ್ಲ. ತೊಡೆಯ ಕಡೆಯ, ಕೊಬ್ಬಿಲ್ಲದ ಮಾಂಸವೇ ಬೇಕು. ಕೊಬ್ಬು ಉಳಿದರೆ ಕಮಟು ವಾಸನೆ ಗ್ಯಾರಂಟಿ. ಎಳೆಯ ಉದ್ದಕ್ಕೆ, ಕಿರುಬೆರಳಿಗಿಂತ ತೆಳುವಾಗಿ ಕೊಯ್ಯಬೇಕು. ಕಿಲೋಕ್ಕೆ 40 ಗ್ರಾಂ ಉಪ್ಪು, ಒಂದು ಚಮಚ ಅರಿಷಿಣ, ಬೇಕಿದ್ದರೆ ಬೆಳ್ಳುಳ್ಳಿ, ಖಾರ. ಮೂರ್ನಾಲ್ಕು ತಾಸು ಬಿಟ್ಟು, ಬಿಟ್ಟ ನೀರು ಚೆಲ್ಲಿ, ತಂತಿಗೆ ಪೋಣಿಸಿ ಬಿಸಿಲಿಗೆ ಹಾಕುವುದು. ಮೇಲೆ ತೆಳು ಬಟ್ಟೆ ಹೊದಿಸದಿದ್ದರೆ ನೊಣ ಮೊದಲು ಊಟ ಮಾಡುತ್ತದೆ. ರಾತ್ರಿ ಒಳಗೆ, ಮುಂಜಾನೆ ಮತ್ತೆ ಹೊರಗೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುವುದರಿಂದ ಮೂರ್ನಾಲ್ಕು ದಿನ ಸಾಕು. ಮುರಿದರೆ ಕಟ್ ಅನಬೇಕು, ಬಾಗಬಾರದು. ಒಂದು ಕಿಲೋ ಮಾಂಸ ಒಣಗಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಹಳ್ಳಿ ಮನೆಗಳಲ್ಲಿ ಕೆಲಸ ಇಲ್ಲಿಗೆ ಮುಗಿಯುತ್ತಿರಲಿಲ್ಲ. ಒಲೆಯ ಮೇಲೆ ಜಂತಿಗೆ ತಂತಿ ಕಟ್ಟಿ ಖಂಡ ತೂಗುಹಾಕುತ್ತಿದ್ದರು. ಜಾಲಿ ಕಟ್ಟಿಗೆ, ಕುಳ್ಳಿನ ಹೊಗೆ ದಿನಾ ಎರಡು ಹೊತ್ತು ತಾಗುತ್ತಿತ್ತು. ಹೊಗೆ ಬರೀ ವಾಸನೆಗಲ್ಲ. ಅದರಲ್ಲಿನ ಫೀನಾಲ್‌ನಂಥ ಅಂಶಗಳು ಬೂಸು, ಕಮಟು ಎರಡನ್ನೂ ತಡೆಯುತ್ತವೆ. ಮಳೆಗಾಲದ ಹಸಿ ಹವೆಯಲ್ಲಿ ಒಲೆಯ ಶಾಖವೇ ಖಂಡವನ್ನು ಒಣದಾಗಿಡುತ್ತಿತ್ತು. ಈಗ ಆರ್‌ಸಿಸಿ ಖೋಲಿ, ಗ್ಯಾಸ್ ಒಲೆ. ಬಿಸಿಲು ಉಳಿದಿದೆ, ಹೊಗೆ ಹೋಗಿದೆ. ಆದ್ದರಿಂದ ಹಳೆಯ ಲೆಕ್ಕದಂತೆ ದೀಪಾವಳಿವರೆಗೆ ಡಬ್ಬಿಯಲ್ಲಿಡುವುದು ಈಗ ಸರಿಯಲ್ಲ. ಮಳೆ ಹಿಡಿಯುವ ಮುಂಚೆ ತಿಂದು ಮುಗಿಸಬೇಕು, ಇಲ್ಲವೇ ಫ್ರಿಜ್‌ನಲ್ಲಿಡಬೇಕು.

ಹಾಗಂತ ಖೋಲಿಯ ಹಿಂದೆ ಡ್ರಮ್ಮಿನಲ್ಲಿ ಹೊಗೆ ಹಾಕಲು ಹೋಗಬೇಡಿ. ಚಾದರ, ಟವೆಲ್ ಕಾರ್ಖಾನೆಗಳ ಈ ಭಾಗದಲ್ಲಿ ನೂಲಿನ ಧೂಳು ಎಲ್ಲೆಲ್ಲೂ ಕೂತಿರುತ್ತದೆ. 2025ರ ಮೇ 18ರಂದು ಇದೇ ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು 8 ಜನ ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಊರಲ್ಲಿ ಒಲೆ ಇದ್ದವರು ಅಲ್ಲೇ ಹೊಗೆ ಹಿಡಿಸಿ ತರುವುದು ಒಳ್ಳೆಯದು.

ಇನ್ನೊಂದು ಮಾತು, ಮೊಬೈಲ್‌ನಲ್ಲಿ ಅಮೆರಿಕದ ಲೂಸಿಯಾನಾದ ಕೇಜನ್ ಸಾಸೇಜ್ ನೋಡಿ ಆಸೆಪಡುವ ಹುಡುಗರಿಗೆ. 1755ರಿಂದ ಕೆನಡಾದಲ್ಲಿ ಬ್ರಿಟಿಷರು ಹೊರಹಾಕಿದ ಫ್ರೆಂಚ್ ಮಾತಿನ ಜನ ಅಲ್ಲಿ ನೆಲೆಸಿ ಬೆಳೆಸಿದ ಅಡುಗೆ ಅದು. ಹಂದಿ ಮಾಂಸಕ್ಕೆ ಬೆಳ್ಳುಳ್ಳಿ, ಮೆಣಸು, ಖಾರ ಹಾಕಿ, ಕರುಳಲ್ಲಿ ತುಂಬಿ ತಾಸುಗಟ್ಟಲೆ ಹೊಗೆ ಕೊಡುತ್ತಾರೆ. ನಮ್ಮ ಪಟ್ಟಿಗೆ ಸುತ್ತಲೂ ಗಾಳಿ ತಾಗುತ್ತದೆ. ಕರುಳಲ್ಲಿ ತುಂಬಿದ ಖೀಮಾದ ಒಳಗೆ ಗಾಳಿಯಿಲ್ಲ, ಹಸಿ ಇದೆ, ಬೆಚ್ಚಗೂ ಇದೆ. ಬೊಟುಲಿಸಂ ಎಂಬ ಪ್ರಾಣಕ್ಕೆ ಎರವಾಗುವ ವಿಷ ಹುಟ್ಟುವುದು ಅಂಥಲ್ಲೇ. ಆ ಹೆಸರು ಬಂದದ್ದೂ ಸಾಸೇಜ್ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಅಲ್ಲಿನವರು ನೈಟ್ರೈಟ್ ಬೆರೆತ ಉಪ್ಪನ್ನು ತೂಕಮಾಡಿ ಹಾಕುತ್ತಾರೆ, ಒಳಗಿನ ಬಿಸಿ 71 ಡಿಗ್ರಿ ಮುಟ್ಟುವವರೆಗೆ ಬೇಯಿಸುತ್ತಾರೆ. ಬರೀ ಅಡುಗೆ ಉಪ್ಪು ನಂಬಿ ಖೀಮಾ ತುಂಬಬಾರದು.

ಒಣ ಖಂಡದ ಬಗ್ಗೆ ಬಾಯಿಬಿಟ್ಟು ಮಾತಾಡುವವರು ಕಡಿಮೆ. ಬಾಡಿಗೆ ಮನೆಯಲ್ಲಿ ಹಗ್ಗ ಕಟ್ಟಲು ಸಂಕೋಚ. ಬಡವರ, ವಿಶೇಷವಾಗಿ ದಲಿತ ಕೇರಿಗಳ ಊಟ ಇದು. ಮರಾಠವಾಡಾದ ಆ ಅಡುಗೆಯನ್ನು ಶಾಹೂ ಪಾಟೋಳೆ ಅವರು 2015ರ ಮರಾಠಿ ಪುಸ್ತಕ 'ಅನ್ನ ಹೇ ಅಪೂರ್ಣಬ್ರಹ್ಮ'ದಲ್ಲಿ ಬರೆದಿಟ್ಟಿದ್ದಾರೆ. ಅದೇ ವರ್ಷ ಮಾರ್ಚ್‌ನಲ್ಲಿ ಮಹಾರಾಷ್ಟ್ರದಲ್ಲಿ ಹೋರಿ, ಎತ್ತುಗಳ ವಧೆಗೂ ನಿಷೇಧ ಬಂತು. ಕುರಿ-ಮೇಕೆ ಮಾಂಸದ ದರದಲ್ಲಿ ಕಿಲೋ ಒಣಗಿಸಿ ಪಾವು-ಮೇಲ್ಪಾವು ಮಾಡಿಕೊಳ್ಳುವುದು ಕೂಲಿಯವರಿಗೆ ಸಣ್ಣ ಮಾತಲ್ಲ.

ಬೇಯಿಸುವಾಗ ಬಿಸಿನೀರಲ್ಲಿ ತೊಳೆದು, ಕೆಂಡದ ಮೇಲೆ ಸುಟ್ಟು, ಕಲ್ಲಲ್ಲಿ ಜಜ್ಜಿ, ತೊಗರಿ ಬ್ಯಾಳಿಗೆ ಹಾಕಿ ಚೆನ್ನಾಗಿ ಕುದಿಸುತ್ತಾರೆ. ಉಪ್ಪು ಕೊನೆಗೆ ನೋಡಿ ಹಾಕಬೇಕು, ಖಂಡದಲ್ಲೇ ಸಾಕಷ್ಟಿರುತ್ತದೆ. ಜೋಡಿಗೆ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ.